ಜೀವ ನನ್ನದು, ಅಪಾಯವೂ ನನ್ನದು ಮಾತ್ರವೇ?

ಮಳೆಗಾಲ ಬಂತೆಂದರೆ ನಮ್ಮ ಯುವಕರ ಮನಸ್ಸು ಘಟ್ಟದ ಕಡೆಗೆ ಓಡುತ್ತದೆ. ಕಾಡುದಾರಿಯಲ್ಲಿ ನಡೆದು ಜಲಪಾತ ನೋಡಿ ಬರುವುದು ತಪ್ಪೇ? ಖಂಡಿತ ಅಲ್ಲ. ಸೃಷ್ಟಿಯನ್ನು ಕಣ್ತುಂಬ ನೋಡಿ ಸೃಷ್ಟಿಕರ್ತನನ್ನು ನೆನೆಯುವುದು ಒಳ್ಳೆಯ ಕೆಲಸವೇ. ಆದರೆ "ಪ್ರವೇಶವಿಲ್ಲ" ಎಂಬ ಫಲಕವನ್ನು ದಾಟುವವನು "ಜೀವ ನನ್ನದು, ನಿಮಗೇನು ನಷ್ಟ?" ಎಂದು ಕೇಳಿದರೆ ನೀವೇನು ಹೇಳುವಿರಿ?

ದೂಧ್‌ಸಾಗರವನ್ನೇ ತೆಗೆದುಕೊಳ್ಳಿ. ಕರ್ನಾಟಕ-ಗೋವಾ ಗಡಿಯ ಕಾಡಿನಲ್ಲಿ ಮಾಂಡೋವಿಯ ನೀರು ಸುಮಾರು 310 ಮೀಟರ್ ಎತ್ತರದಿಂದ ಹಾಲಿನಂತೆ ಧುಮುಕುತ್ತದೆ. ಅದರ ಎದುರಿಗೇ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ರೈಲುಮಾರ್ಗವಿದೆ. ಹಳಿಯ ಮೇಲೆ ನಡೆಯುವುದು ಕಾನೂನಿನ ಪ್ರಕಾರ ಅಪರಾಧ. 2023ರ ಜುಲೈಯಲ್ಲಿ ಹಾಗೆ ಬಂದ ಚಾರಣಿಗರಿಗೆ ಪೊಲೀಸರು ಬಸ್ಕಿ ಹೊಡೆಸಿದಾಗ ಜನ ನಕ್ಕರು. ಅದೇ ತಿಂಗಳು ಗೋವಾದ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತರು. ಅದು ನಗುವ ವಿಷಯವಾಗಿರಲಿಲ್ಲ.

ಆ ಘಟ್ಟದಲ್ಲಿ ಹಳಿಯು ಪ್ರತಿ 37 ಮೀಟರಿಗೆ ಒಂದು ಮೀಟರ್ ಇಳಿಯುತ್ತದೆ. ದಾರಿಯುದ್ದಕ್ಕೂ ಸುರಂಗಗಳು, ತಿರುವುಗಳು. ಹಳಿಯ ಮೇಲಿರುವವನು ಚಾಲಕನ ಕಣ್ಣಿಗೆ ಬೀಳುವಷ್ಟರಲ್ಲಿ ಗಾಡಿ ನಿಲ್ಲಿಸುವ ಹೊತ್ತು ಮೀರಿರಬಹುದು. ಯಾವ ತಪ್ಪನ್ನೂ ಮಾಡದ ಆ ಚಾಲಕ ಒಂದು ಸಾವಿನ ನೆನಪನ್ನು ಬದುಕಿಡೀ ಹೊರಬೇಕು. ಜಲಪಾತದ ಮಡುವಿನಲ್ಲೂ ಹೀಗೆಯೇ. ಮೇಲೆ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ. ಮುಳುಗಿದವನನ್ನು ಹುಡುಕಲು ಊರಿನ ಈಜುಗಾರರು ಅದೇ ಮಡುವಿಗೆ ಇಳಿಯಬೇಕು. ಅವರಿಗೂ ಮನೆಯಲ್ಲಿ ಮಕ್ಕಳಿಲ್ಲವೇ?

"ಮೀನುಗಾರನೂ ಅಪಾಯಕ್ಕೆ ಇಳಿಯುತ್ತಾನಲ್ಲ?" ಎಂದು ಕೇಳಬಹುದು. ನಿಜ. ಅಪಾಯವೆಲ್ಲವೂ ತಪ್ಪಲ್ಲ. ಆದರೆ ಅವನು ಮನೆಮಂದಿಯ ಅನ್ನಕ್ಕಾಗಿ ಕಡಲಿಗಿಳಿಯುತ್ತಾನೆ, ಬಿರುಗಾಳಿಯ ಮುನ್ಸೂಚನೆ ಬಂದರೆ ದೋಣಿಯನ್ನು ದಡಕ್ಕೆಳೆಯುತ್ತಾನೆ. ಒಂದು ಫೋಟೋಗಾಗಿ ಎಚ್ಚರಿಕೆಯನ್ನು ತುಳಿಯುವವನಲ್ಲಿ ಆ ಅಗತ್ಯವೂ ಇಲ್ಲ, ಆ ಜಾಗ್ರತೆಯೂ ಇಲ್ಲ.

ಪ್ರಿಯ ಓದುಗರೇ, ಜೀವ ನಮ್ಮ ಸಂಪಾದನೆಯಲ್ಲ. ಅದು ಅಲ್ಲಾಹನು ಒಪ್ಪಿಸಿದ ಅಮಾನತ್. ಅದರ ಮೇಲೆ ತಾಯಿಗೆ ಹಕ್ಕಿದೆ, ಮಡದಿ ಮಕ್ಕಳಿಗೆ ಹಕ್ಕಿದೆ. ಅಮಾನತನ್ನು ಕಾಯುವವನು ಅದನ್ನು ಪಣಕ್ಕಿಡುವುದಿಲ್ಲ.

ಹಾಗೆಂದು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಬೇಡಿ. ಮಳೆ ತಗ್ಗಿದ ಮೇಲೆ, ಅನುಮತಿಯಿರುವ ದಾರಿಯಲ್ಲಿ, ಸಾಧ್ಯವಾದರೆ ನೀವೇ ಜೊತೆಗೆ ಹೋಗಿ ತೋರಿಸಿ. ಫಲಕ ಯಾಕಿದೆಯೆಂದು ಅಲ್ಲಿಯೇ ವಿವರಿಸಿ. ಬಸ್ಕಿಯ ಭಯಕ್ಕೆ ನಿಲ್ಲುವವನು ಪೊಲೀಸರಿಲ್ಲದ ದಿನ ಮತ್ತೆ ದಾಟುತ್ತಾನೆ. ಕಾವಲುಗಾರನಿಲ್ಲದಾಗಲೂ ಹಿಂದೆ ಸರಿಯುವ ಮನಸ್ಸನ್ನು ನಮ್ಮ ಮಕ್ಕಳಲ್ಲಿ ಬೆಳೆಸಿದ್ದೇವೆಯೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.