ವಿಪಾಕ ಬರುವವರೆಗೆ ಕಾಯುವವರು ಯಾರು?



*ಇಂದಿನ ಧಮ್ಮ ಚಿಂತನೆ*



ನಮ್ಮ ಬಳಗದಲ್ಲಿ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರಿದ್ದಾರೆ. ಮಕ್ಕಳನ್ನು ಮೈಸೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಕಳಿಸುವವರಿದ್ದಾರೆ. ತಿ. ನರಸೀಪುರದ ಕಡೆ ಭತ್ತ ಬೆಳೆಯುವವರೂ ಇದ್ದಾರೆ. ಸಮ್ಮಾ ಆಜೀವ, ಅಂದರೆ ಸರಿಯಾದ ಜೀವನೋಪಾಯದ ಬಗ್ಗೆ ಓದುವಾಗ ಒಬ್ಬ ತಮ್ಮ ಕೇಳಿದ ಪ್ರಶ್ನೆ ಇದು: "ಅಣ್ಣ, ಕಂಪನಿ ಮುಖ್ಯಸ್ಥರಿಗೆ ಸಂಬಳದ ಮೇಲೆ ಕೋಟಿಗಟ್ಟಲೆ ಷೇರು ಕೊಡ್ತಾರಲ್ಲ, ಅದನ್ನ ಧಮ್ಮದ ಕಣ್ಣಲ್ಲಿ ಹೇಗೆ ನೋಡೋದು?"

ಮೊದಲು ಆ ಏರ್ಪಾಡು ಏನೆಂದು ತಿಳಿಯೋಣ. ದೊಡ್ಡ ಕಂಪನಿಯ ಮುಖ್ಯಸ್ಥರಿಗೆ ಬರುವ ಹಣದಲ್ಲಿ ತಿಂಗಳ ಸಂಬಳ ಒಂದು ಭಾಗ ಮಾತ್ರ. ದೊಡ್ಡ ಪಾಲು ಸಾಮಾನ್ಯವಾಗಿ ಷೇರಿನ ರೂಪದಲ್ಲಿರುತ್ತದೆ. ಷೇರನ್ನು ಇಂದು ಘೋಷಿಸುತ್ತಾರೆ, ಕೈಗೆ ಕೊಡುವುದು ಮುಂದೆ. ಅವಧಿ ಕಳೆಯಬೇಕು; ಹಲವು ಕಡೆ ಹೇಳಿದ ಗುರಿಯನ್ನೂ ಮುಟ್ಟಬೇಕು. ಘೋಷಣೆಗೂ ಷೇರಿನ ಹಕ್ಕು ಬರುವುದಕ್ಕೂ ನಡುವೆ ಕನಿಷ್ಠ 1 ವರ್ಷವಾದರೂ ಇರಬೇಕೆಂದು ಸೆಬಿಯ 2021ರ ನಿಯಮ ಹೇಳುತ್ತದೆ.

ಖಾಸಗಿ ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇನ್ನೂ ಬಿಗಿ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಅದರ ನಿಯಮ ಮಂಗಳೂರಿನ ಕರ್ಣಾಟಕ ಬ್ಯಾಂಕಿನಂಥ ಖಾಸಗಿ ಬ್ಯಾಂಕುಗಳಿಗೆಲ್ಲ ಅನ್ವಯಿಸುತ್ತದೆ. ಮುಖ್ಯಸ್ಥರ ಸಂಭಾವನೆಯಲ್ಲಿ ಕನಿಷ್ಠ ಅರ್ಧ ಭಾಗ ಸಾಧನೆಯನ್ನು ಅವಲಂಬಿಸಿರಬೇಕು. ಆ ಭಾಗದಲ್ಲಿ ಕನಿಷ್ಠ ಶೇ 60ರಷ್ಟನ್ನು ತಡೆಹಿಡಿದು, ಕನಿಷ್ಠ 3 ವರ್ಷಗಳ ಅವಧಿಯಲ್ಲಿ ಕೊಡಬೇಕು. ಕೆಲಸ ಕೆಟ್ಟದ್ದೆಂದು ಆಮೇಲೆ ತಿಳಿದರೆ ಬಾಕಿ ಇರುವುದನ್ನು ಕಡಿತ ಮಾಡಬಹುದು, ಕೊಟ್ಟದ್ದನ್ನೂ ವಾಪಸ್ ಕೇಳಬಹುದು.

ಯಾಕೆ ಇಷ್ಟೆಲ್ಲ? ಇಂದು ಕೊಟ್ಟ ಸಾಲ ಮುಳುಗುವ ಸಾಲವೆಂದು ಗೊತ್ತಾಗುವುದು ಕೆಲವು ವರ್ಷಗಳ ಮೇಲೆ. ಅಷ್ಟರಲ್ಲಿ ಬೋನಸ್ ಪಡೆದವರು ಬೇರೆ ಬ್ಯಾಂಕಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಕಮ್ಮ ಇಂದು, ವಿಪಾಕ ನಾಳೆ ಎಂದು ನಾವು ಓದುತ್ತೇವೆ. ಕಮ್ಮ ಮಾಡಿದವರು ವಿಪಾಕ ಬರುವ ಮೊದಲೇ ಎದ್ದು ಹೋಗದಂತೆ ಹಿಡಿದು ಕೂರಿಸುವ ಪ್ರಯತ್ನ ಇದು. ಇಷ್ಟರ ಮಟ್ಟಿಗೆ ಈ ನಿಯಮದಲ್ಲಿ ವಿವೇಕ ಇದೆ ಎಂದೇ ನನ್ನ ಭಾವನೆ.

ಆದರೆ ಯಾವ ವಿಪಾಕವನ್ನು ಅಳೆಯುತ್ತಾರೆ, ಯಾರ ಪಾಲಿಗೆ ಬಂದದ್ದನ್ನು ಅಳೆಯುತ್ತಾರೆ ಎಂಬುದನ್ನೂ ನೋಡಬೇಕು. ನಮಗೆ ಹತ್ತಿರದ ಇನ್ಫೋಸಿಸ್ ತೆಗೆದುಕೊಳ್ಳಿ. 2022ರಲ್ಲಿ ಸಲೀಲ್ ಪಾರೇಖ್ ಅವರು ಮುಖ್ಯಸ್ಥರಾಗಿ ಮರುನೇಮಕವಾದಾಗ ಒಪ್ಪಿದ ವಾರ್ಷಿಕ ಷೇರು ಪುರಸ್ಕಾರಗಳಲ್ಲಿ ಮೂರನ್ನು ನೋಡೋಣ. ವ್ಯವಹಾರದ ಗುರಿಗಳಿಗೆ 34.75 ಕೋಟಿ ರೂಪಾಯಿ. ಷೇರುದಾರರಿಗೆ ಆದ ಒಟ್ಟು ಲಾಭಕ್ಕೆ 5 ಕೋಟಿ. ಪರಿಸರ, ಸಮಾಜ, ಉತ್ತಮ ಆಡಳಿತದ ಗುರಿಗಳಿಗೆ 2 ಕೋಟಿ. ಪರಿಸರ, ಸಮಾಜ ಎಂಬ ಮಾತು ಲೆಕ್ಕಕ್ಕೆ ಬಂದದ್ದೇ ಒಳ್ಳೆಯದು. ಆದರೂ ಮನಸ್ಸು ಯಾವ ಕಡೆ ಹೆಚ್ಚು ಹರಿಯಬೇಕೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಬಹುಪಾಲು ದೊಡ್ಡ ಕಂಪನಿಗಳಲ್ಲಿ ತೂಕ ಇದೇ ಕಡೆಗೆ ವಾಲಿರುತ್ತದೆ.

ಕಬಿನಿ ನಾಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬಿನ ಹತ್ತಿರ ಎಷ್ಟು ನೀರು ಬಿಟ್ಟರೆಂದು ಮಾತ್ರ ಅಳೆದು ಇನಾಮು ಕೊಟ್ಟರೆ, ಪುಸ್ತಕದಲ್ಲಿ ನೀರು ಸದಾ ತುಂಬಿ ಹರಿಯುತ್ತದೆ. ನಾಲೆಯ ಕೊನೆ ಭಾಗದ ಗದ್ದೆ ಒಣಗಿದ್ದು ಆ ಪುಸ್ತಕಕ್ಕೆ ಬರುವುದಿಲ್ಲ. ಗುತ್ತಿಗೆ ಕಾರ್ಮಿಕನ ದಣಿವು, ಕಾರ್ಖಾನೆಯ ಪಕ್ಕದ ಊರಿನ ಬಾವಿ ನೀರು, ಇವೂ ಕಂಪನಿಯ ಕಮ್ಮದ ವಿಪಾಕವೇ. ಷೇರಿನ ಬೆಲೆಯಲ್ಲಿ ಅವು ಕಾಣದೆ ಹೋಗಬಹುದು.

ಬಹುಮಾನ ಕೊಡುವುದೆಂದರೆ ಏನನ್ನು ಬಯಸಬೇಕೆಂದು ಕಲಿಸುವುದು. ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಒಬ್ಬ ರಾಜನ ಕಥೆ ಬರುತ್ತದೆ. ಅವನು ಬಡವರಿಗೆ ಹಣ ಕೊಡುವುದಿಲ್ಲ. ಬಡತನ ಬೆಳೆಯುತ್ತದೆ, ಒಬ್ಬ ಕಳವು ಮಾಡುತ್ತಾನೆ. ಬದುಕಲು ದಾರಿಯಿಲ್ಲದೆ ಕದ್ದೆ ಎಂದಾಗ ರಾಜ ಅವನಿಗೆ ಹಣ ಕೊಟ್ಟು ಕಳಿಸುತ್ತಾನೆ. ಸುದ್ದಿ ಹರಡುತ್ತದೆ: ಕದ್ದರೆ ರಾಜ ಹಣ ಕೊಡುತ್ತಾನಂತೆ! ಕಳವು ಹೆಚ್ಚಾಗುತ್ತದೆ. ಹೆದರಿದ ರಾಜ ತಲೆ ಕಡಿಸಲು ಶುರುಮಾಡುತ್ತಾನೆ, ಜನರೂ ಆಯುಧ ಹಿಡಿಯುತ್ತಾರೆ. ರಾಜನ ಮನಸ್ಸಿನಲ್ಲಿ ಕರುಣೆ ಇದ್ದಿರಬಹುದು. ಜನ ನೋಡಿದ್ದು ಹಣ ಯಾವ ಬಾಗಿಲಿನಿಂದ ಹೊರಬಂತು ಎಂಬುದನ್ನು.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಇದೇ ಆಯಿತು. ಗ್ರಾಹಕರಿಗೆ ಇನ್ನಷ್ಟು ಖಾತೆ ಮಾರಬೇಕೆಂಬ ಗುರಿಯ ಒತ್ತಡದಲ್ಲಿ ನೌಕರರು ಗ್ರಾಹಕರಿಗೆ ತಿಳಿಯದಂತೆಯೇ ಖಾತೆ ತೆರೆದರು. 2016ರಲ್ಲಿ ಅದು ಬಯಲಾಗುವ ಹೊತ್ತಿಗೆ ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಆಮೇಲೆ ಮುಖ್ಯಸ್ಥರೂ ಇನ್ನೂ ಕೈಗೆ ಬರದಿದ್ದ 4 ಕೋಟಿ 10 ಲಕ್ಷ ಡಾಲರಿನ ಷೇರುಗಳನ್ನು ಬಿಟ್ಟುಕೊಡಬೇಕಾಯಿತು. ತಡೆಹಿಡಿದ ಷೇರು ಇದ್ದದ್ದರಿಂದಲೇ ವಿಪಾಕ ಮೇಲಿನವರೆಗೂ ಹೋಯಿತು. ಆದರೆ ಮೊದಲ ಪೆಟ್ಟು ಕೆಳಗಿನವರಿಗೇ ಬಿತ್ತು.

"ಬೇರೆಯವರ ಗಳಿಕೆ ನೋಡಿ ಹೊಟ್ಟೆಕಿಚ್ಚು ಪಡಬಾರದು, ಮುದಿತಾ ಬೆಳೆಸಿಕೊಳ್ಳಬೇಕಲ್ಲವೇ?" ಎಂದು ಕೆಲವರು ಕೇಳಬಹುದು. ಸರಿಯಾದ ಮಾತು. ಸಮರ್ಥರಿಗೆ ಹೆಚ್ಚು ಕೊಡುವುದನ್ನು ಧಮ್ಮ ತಪ್ಪೆನ್ನುವುದಿಲ್ಲ. ಆದರೆ ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಯಜಮಾನನಿಗೆ ಐದು ಕರ್ತವ್ಯ ಹೇಳುತ್ತಾರೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸು ಬಂದಾಗ ಹಂಚಿ ತಿನ್ನುವುದು, ಸಮಯಕ್ಕೆ ಬಿಡುವು. ಕೂಲಿ ಕೊಟ್ಟೆನಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ. ವಿಶೇಷವಾಗಿ ಬಂದದ್ದರಲ್ಲೂ ಕೆಲಸದವರಿಗೆ ಪಾಲಿದೆ. ನಮ್ಮ ಊರುಗಳ ಹಾಲಿನ ಡೈರಿಯಲ್ಲಿ ವರ್ಷದ ಲಾಭದಿಂದ ಹಾಲು ಹಾಕಿದವರಿಗೆಲ್ಲ ಬೋನಸ್ ಬರುತ್ತದಲ್ಲ, ಅದರ ಹಿಂದಿರುವುದೂ ಇದೇ ತಿಳಿವಳಿಕೆ.

ಕಂಪನಿಗಳಲ್ಲೂ ಇದು ಆಗದ ಮಾತಲ್ಲ. ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ತಂದಾಗ ಕೆಳಹಂತದವರೂ ಪಾಲುದಾರರಾದರು. 2017ರಲ್ಲಿ ಅದೇ ಕಂಪನಿ ಒಬ್ಬ ಉನ್ನತ ಅಧಿಕಾರಿಯ ಸಂಭಾವನೆಯನ್ನು ಏರಿಸಿದಾಗ, ಮೈಸೂರಿನಲ್ಲಿ ಓದಿ ಬೆಳೆದ ಅದರ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿ ಬಹಿರಂಗವಾಗಿ ಆಕ್ಷೇಪಿಸಿದರು. ಬಹುಪಾಲು ನೌಕರರಿಗೆ ಶೇ 6ರಿಂದ 8, ಮೇಲಿನ ಒಬ್ಬರಿಗೆ ಶೇ 60ರಿಂದ 70 ಏರಿಕೆ ಸರಿಯಲ್ಲ ಎಂಬುದು ಅವರ ವಾದ. ಹೀಗೆ ಕೊಟ್ಟರೆ ಕೆಳಗಿನವರಿಗೆ ಆಡಳಿತದ ಮೇಲೆ ನಂಬಿಕೆ ಉಳಿಯುವುದಿಲ್ಲ ಎಂದೂ ಅವರು ಎಚ್ಚರಿಸಿದರು.

ದೂರದೃಷ್ಟಿಯನ್ನು ಹಣ ಕೊಟ್ಟು ಕೊಳ್ಳಬಹುದೇ? ನನಗೆ ತಿಳಿದ ಮಟ್ಟಿಗೆ, ಹಣ ಕೊಟ್ಟು ಕಾಯಿಸಬಹುದು. ಕಾಯುವಾಗ ಮನಸ್ಸಿನಲ್ಲಿ ಯಾರಿರುತ್ತಾರೆ ಎಂಬುದು ಚೇತನಾಗೆ ಸೇರಿದ್ದು, ಅದನ್ನು ತಡೆಹಿಡಿದ ಷೇರು ಕೊಡಲಾರದು. ಅದಕ್ಕೇ ಅಳತೆಯಲ್ಲಿ ಕೊನೆಯವನೂ ಇರಬೇಕು, ಪಾಲಿನಲ್ಲಿಯೂ ಇರಬೇಕು.

*ಇಂದಿನ ಅಭ್ಯಾಸ:* ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ತನ್ನ ನಿರ್ದೇಶಕರ ಸಂಭಾವನೆ ಮಧ್ಯದ ನೌಕರನ ಸಂಬಳಕ್ಕಿಂತ ಎಷ್ಟು ಪಟ್ಟು ಎಂಬುದನ್ನು ಪ್ರಕಟಿಸಬೇಕೆಂದು 2013ರ ಕಂಪನಿ ಕಾಯ್ದೆಯ 197ನೇ ಕಲಂ ಹೇಳುತ್ತದೆ. ನೀವೋ ನಿಮ್ಮ ಮಕ್ಕಳೋ ಕೆಲಸ ಮಾಡುವ ಕಂಪನಿಯ ಆ ಅಂಕಿಯನ್ನು ಹುಡುಕಿ ಓದಿ. ಕೋಪವಿಲ್ಲದೆ ಓದಿ. ನಂತರ, ನಿಮ್ಮ ಕೈಯಿಂದ ಕೂಲಿ ಪಡೆಯುವ ಒಬ್ಬರನ್ನು ನೆನೆದು, ಈ ವರ್ಷ ನಿಮಗೆ ವಿಶೇಷವಾಗಿ ಬಂದದ್ದರಲ್ಲಿ ಅವರಿಗೆ ಏನು ಹೋಯಿತು ಎಂದು ಲೆಕ್ಕ ಹಾಕಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏