ಗೌರಿ ಹೂವಿನ ಗುರುತು

ಹೊಸೂರಿನ ಪಾಲಿಹೌಸ್‌ಗಳಲ್ಲಿ ಗುಲಾಬಿಯನ್ನು ಮೊಗ್ಗಿರುವಾಗಲೇ ಕತ್ತರಿಸಿ ಮಾರುಕಟ್ಟೆಗೆ ಕಳಿಸುತ್ತಾರೆ. ಕೊಳ್ಳುವವರಿಗೆ ಗೊತ್ತಾಗುವುದು ಆ ಗಿಡದ ನಾಲ್ಕು ದಿನದ ಬದುಕಷ್ಟೇ. ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಬೇಲಿಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಮಳೆಗಾಲಕ್ಕೆ ಹಬ್ಬುವ ಗೌರಿ ಹೂವಿನ ಬಳ್ಳಿ ಅಷ್ಟು ಸುಲಭಕ್ಕೆ ಪರಿಚಯವಾಗುವುದಿಲ್ಲ. ಸಂಗಂ ಕಾಲದ ತಮಿಳು ಕವಿ ಕಪಿಲರ್ ತಮ್ಮ ‘ಕುರಿಂಜಿಪ್ಪಾಟ್ಟು’ ಕಾವ್ಯದಲ್ಲಿ 99 ಹೂಗಳನ್ನು ಹೆಸರಿಸುವಾಗ ಮೊದಲು ನೆನೆದದ್ದು ಇದನ್ನೇ. ಇಂದು ಸೆಂಗಾಂದಳ್ ಎಂಬ ಹೆಸರಿನಲ್ಲಿ ಇದು ತಮಿಳುನಾಡಿನ ರಾಜ್ಯಪುಷ್ಪ.

ಹೂವಿಲ್ಲದಾಗ ಎಲೆಯ ತುದಿ ನೋಡಬೇಕು. ಹಾಗಲಬಳ್ಳಿಗೆ ಹಿಡಿದು ಹತ್ತಲು ಬೇರೆಯೇ ಕುಡಿ ಮೂಡುತ್ತದೆ. ಇಲ್ಲಿ ಎಲೆಯೇ ನೀಳವಾಗಿ ತುದಿಯಲ್ಲಿ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಅನ್ನ ಬೇಯಿಸುವುದೂ ಅದೇ, ಮೇಲೇರಿಸುವುದೂ ಅದೇ. ಹೂವಿಗೆ ಅಲೆಯಂಚಿನ ಆರು ಎಸಳು, ಎಲ್ಲವೂ ಮೇಲಕ್ಕೆ ಮಡಚಿದವು. ಅರಳುವಾಗ ಹಸಿರು ಬೆರೆತ ಹಳದಿ, ಆಮೇಲೆ ತುದಿಯಿಂದ ಕೆಂಪು, ಕೊನೆಗೆ ಇಡೀ ಹೂವೇ ಕಡುಗೆಂಪು. ಇಂದು ನೋಡಿದವರು ಹಳದಿ ಎಂದರೂ ವಾರ ಬಿಟ್ಟು ನೋಡಿದವರು ಕೆಂಪು ಎಂದರೂ ಇಬ್ಬರ ಮಾತೂ ನಿಜ. ಆದರೆ ಇಬ್ಬರೂ ಬಳ್ಳಿಯನ್ನು ಪೂರ್ತಿ ಕಂಡವರಲ್ಲ.

ಮಳೆ ಹಿಂದೆಗೆದ ಮೇಲೆ ಬಳ್ಳಿ ಒಣಗಿ ಮಾಯವಾಗುತ್ತದೆ. ಮಣ್ಣಿನೊಳಗೆ ನೇಗಿಲಿನಂತೆ ಬಾಗಿದ ಗೆಡ್ಡೆ ಉಳಿಯುತ್ತದೆ. ಅದೂ ಹಳೆಯದಲ್ಲ. ಕಳೆದ ವರ್ಷದ ಗೆಡ್ಡೆ ತನ್ನ ಸತ್ವವನ್ನೆಲ್ಲ ಚಿಗುರಿಗೆ ಉಣಿಸಿ ಸೊರಗಿಹೋಗಿರುತ್ತದೆ. ಆ ಚಿಗುರು ದುಡಿದು ಕೂಡಿಟ್ಟದ್ದೇ ಈ ಹೊಸ ಗೆಡ್ಡೆ. ಕಾಂಡ, ಹೂವು, ಗೆಡ್ಡೆ ಯಾವುದೂ ಹಳೆಯದಾಗಿ ಉಳಿಯದಿದ್ದರೂ ನಾವು ಅದನ್ನು ಅದೇ ಬಳ್ಳಿ ಎನ್ನುತ್ತೇವೆ, ಹಾಗೆನ್ನುವುದು ಸರಿಯೂ ಹೌದು. ಒಂದು ಜೀವದ ಗುರುತು ಅದು ಮುಂದಿನದಕ್ಕೆ ದಾಟಿಸುವುದರಲ್ಲಿದೆ. ಮನೆತನಗಳೂ ಊರುಗಳೂ ಹಾಗೆಯೇ ಉಳಿದು ಬಂದಿವೆ.

ಈ ಗುರುತಿನಲ್ಲಿ ಭಯಕ್ಕೂ ಜಾಗವಿದೆ. ಗೆಡ್ಡೆ, ಬೀಜಗಳಲ್ಲಿರುವ ಕಾಲ್ಚಿಸಿನ್ ಜೀವ ತೆಗೆಯಬಲ್ಲ ವಿಷ. ಅದೇ ಕಾಲ್ಚಿಸಿನ್ ವೈದ್ಯರ ಅಳತೆಯಲ್ಲಿ ಗೌಟ್ ಎಂಬ ಕೀಲುನೋವಿಗೆ ಔಷಧ. 1937ರಲ್ಲಿ ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಲು ಇದು ಬಳಕೆಗೆ ಬಂದು, ಹೊಸ ತಳಿಗಳಿಗೆ ದಾರಿ ತೆರೆಯಿತು. ಕೊಲ್ಲುವ ಗುಣ, ಕಾಯುವ ಗುಣ ಎರಡನ್ನೂ ಅರಿತವರಿಗೇ ಇದು ನಿಜವಾಗಿ ಪರಿಚಯ.

ಬೆಳೆಸುವ ಆಸೆಯಿದ್ದರೆ ಕಾಡಿನ ಗೆಡ್ಡೆ ಅಗೆಯಬೇಡಿ, ಬೆಳೆಗಾರರಿಂದ ಕೊಳ್ಳಿ. ಮುಂಗಾರಿನ ಹೊತ್ತಿಗೆ, ನೀರು ನಿಲ್ಲದ ಮಣ್ಣಿನಲ್ಲಿ ಎರಡು ಮೂರು ಅಂಗುಲ ಆಳಕ್ಕೆ ಅಡ್ಡವಾಗಿ ನೆಡಿ. ತುದಿಯ ಮೊಳಕೆ ಮುರಿಯದಂತೆ ಜೋಪಾನ ಮಾಡಿ, ಹಬ್ಬಲು ಕೋಲು ಕೊಡಿ, ಮಕ್ಕಳಿಗೂ ದನಕರುಗಳಿಗೂ ನಿಲುಕದಂತೆ ಬೇಲಿ ಹಾಕಿ. ಬೇಸಿಗೆಯಲ್ಲಿ ಖಾಲಿ ಕಂಡ ಪಾತಿಯನ್ನು ಕೆದಕದೆ ಮುಂದಿನ ಮಳೆಗೆ ಬಿಡಿ.