ಇಂದಿನ ಧಮ್ಮಚಿಂತನೆ: ಕಮೋಡಿನ ಜಾಗ



ಬಂಧುಗಳೇ, ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಉಪಾಸಕರೊಬ್ಬರು ಒಂದು ಪ್ರಶ್ನೆ ಇಟ್ಟರು. ಅವರ ತಾಯಿಗೆ ಮಂಡಿನೋವು. ಇಂಡಿಯನ್ ಪ್ಯಾನಿನಲ್ಲಿ ಕೂತರೆ ಏಳಲಾಗುವುದಿಲ್ಲ. ಹಳೆಯ ಬಚ್ಚಲಿನ ಕೊನೆಯಲ್ಲಿರುವ ಅದನ್ನು ಕಿತ್ತು, ಆರು ಅಡಿ ಈಚೆಗೆ, ಬಾಗಿಲಿನ ಪಕ್ಕಕ್ಕೆ ಕಮೋಡು ಕೂರಿಸಬೇಕು. ಬೇಸಿಗೆ ರಜೆಯಲ್ಲಿ ಅಪ್ಪ ಮಗ ಸೇರಿ ತಾವೇ ಕೆಲಸ ಹಿಡಿಯಲು ನಿರ್ಧರಿಸಿದ್ದಾರೆ. ಪಕ್ಕದ ಮನೆಯವರು, "ಆ ಮೂಲೆ ಈಶಾನ್ಯ, ಅಲ್ಲಿ ಮಾತ್ರ ಬೇಡಿ" ಅಂದರಂತೆ. ಸ್ವಂತ ಅಣ್ಣ ಹೇಳಿದ್ದೇ ಬೇರೆ: "ನಮ್ಮ ತಾತಂದಿರು ಕಷ್ಟಪಟ್ಟು ಬಿಟ್ಟ ಕೆಲಸವನ್ನ ನೀನು ಮತ್ತೆ ಕೈಗೆ ತಗೊಳ್ತೀಯೇನೋ? ಮಗನ ಕೈಗೂ ಕೊಡ್ತೀಯಾ?"

ಪಕ್ಕದ ಮನೆಯವರ ಮಾತಿಗೆ ಉತ್ತರ ಹುಡುಕುವುದು ಕಷ್ಟವಲ್ಲ. ಕನ್ನಡದಲ್ಲಿ ಮಲವಿಸರ್ಜನೆಗೆ 'ಬಹಿರ್ದೆಸೆ' ಎಂಬ ಮಾತಿದೆ. ದೆಸೆ ಎಂದರೆ ದಿಕ್ಕು; ಬಹಿರ್ದೆಸೆ ಎಂದರೆ ಹೊರದಿಕ್ಕು. ಊರಿಗೂ ಒಂದು ವಾಸ್ತು ಇತ್ತಲ್ಲ. ಹೊಲಸಿಗೆ ಗೊತ್ತುಮಾಡಿದಂತೆ ನಮ್ಮ ಕೇರಿಗೂ ಒಂದು ಹೊರದಿಕ್ಕು ಗೊತ್ತುಮಾಡಿದ್ದರು. ಚಂಡಾಲರ ವಾಸ ಊರ ಹೊರಗಿರಬೇಕೆಂದು ಮನುಸ್ಮೃತಿ ಬರೆದಿಟ್ಟಿದೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅದನ್ನು ಸುಟ್ಟರು. ದಿಕ್ಕಿನಿಂದ ಮನುಷ್ಯರನ್ನು ಅಳೆದ ಲೆಕ್ಕವನ್ನು ನಾವು ನಮ್ಮ ಬಚ್ಚಲಿಗೆ ಕರೆತರಬೇಕಾಗಿಲ್ಲ. ತಾಯಿಯ ಮಂಡಿ ಯಾವ ಕಡೆ ಹೇಳುತ್ತದೋ ಆ ಕಡೆ ಕಮೋಡು.

ಅಣ್ಣನ ಮಾತು ಹಾಗಲ್ಲ. ಅದರೊಳಗೆ ನಿಜವಾದ ನೋವಿದೆ, ಚರಿತ್ರೆಯೂ ಇದೆ. ಅದೇ 1927ರ ಮಾರ್ಚ್‌ನಲ್ಲಿ ಮಹಾಡದ ಸಮಾವೇಶದಲ್ಲಿ ಸತ್ತ ದನ ಎಳೆಯುವುದನ್ನೂ ಅದರ ಮಾಂಸ ತಿನ್ನುವುದನ್ನೂ ಬಿಡಿ ಎಂದು ಬಾಬಾಸಾಹೇಬರು ಕರೆಕೊಟ್ಟರು. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಪಣತೊಟ್ಟರು. ಅಷ್ಟಾದ ಮೇಲೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇಷ್ಟನ್ನು ಕಂಡ ಜನ, ಓದಿದ ಮಗನ ಕೈ ಶೌಚದ ಪೈಪು ಮುಟ್ಟಬಾರದು ಎಂದರೆ ನಾನು ತಕ್ಷಣ ತಪ್ಪು ಅನ್ನಲಾರೆ.

ಆದರೆ ಬಾಬಾಸಾಹೇಬರು ಆಕ್ಷೇಪಿಸಿದ್ದು ಏನನ್ನು? ಭಂಗಿ ಕೆಲಸ ಪವಿತ್ರ, ಬ್ರಾಹ್ಮಣನೂ ಅದನ್ನು ಮಾಡಬಹುದು ಎಂಬ ಗಾಂಧೀಜಿಯವರ ಧೋರಣೆಯನ್ನು ಅವರು 1945ರ ಪುಸ್ತಕದಲ್ಲಿ ಬಿಚ್ಚಿಟ್ಟರು. ಬ್ರಾಹ್ಮಣ ಪೊರಕೆ ಹಿಡಿದರೂ ಅವನಿಗೆ ಆ ಕಳಂಕ ಅಂಟುವುದಿಲ್ಲ. ನಮ್ಮವನು ಪೊರಕೆ ಹಿಡಿಯದಿದ್ದರೂ ಅವನನ್ನು ಅದು ಬಿಡುವುದಿಲ್ಲ, ಏಕೆಂದರೆ ಇಲ್ಲಿ ಮನುಷ್ಯನನ್ನು ಆ ಹೆಸರಿನಿಂದ ಕರೆಯುವುದು ಕೆಲಸ ನೋಡಿ ಅಲ್ಲ, ಹುಟ್ಟು ನೋಡಿ. ಇದು ಅವರ ವಾದ. ಹಾಗಾದರೆ ಮೈಲಿಗೆ ಪೈಪಿನಲ್ಲಿಲ್ಲ. ಒಬ್ಬರ ಹೊಲಸನ್ನು ಇನ್ನೊಬ್ಬರ ಹುಟ್ಟಿಗೆ ಕಟ್ಟುವುದರಲ್ಲಿದೆ. ತನ್ನ ಮನೆಯದನ್ನು, ತನ್ನ ತಾಯಿಗಾಗಿ, ತಾನೇ ಇಚ್ಛೆಪಟ್ಟು ಮಾಡುವವನಿಗೆ ಯಾರೂ ಏನನ್ನೂ ಕಟ್ಟಿಲ್ಲ.

ವಿನಯಪಿಟಕದ ಚುಲ್ಲವಗ್ಗದಲ್ಲಿ ಶೌಚಾಲಯದ ಬಗ್ಗೆಯೇ ಒಂದು ಭಾಗವಿದೆ. ಓದದವರು ಓದಬೇಕು, ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಬ್ರಾಹ್ಮಣ ಕುಲದಿಂದ ಬಂದ ಭಿಕ್ಕುವೊಬ್ಬ ಶೌಚದ ನಂತರ ತೊಳೆದುಕೊಳ್ಳುತ್ತಿರಲಿಲ್ಲವಂತೆ, 'ಇಂಥ ನಾರುವುದನ್ನು ಯಾರು ಮುಟ್ಟುವರು' ಎಂಬ ಅಸಹ್ಯದಿಂದ! ಭಗವಾನರು, ನೀರಿದ್ದರೆ ತೊಳೆದುಕೊಳ್ಳಲೇಬೇಕು ಎಂದು ನಿಯಮ ಮಾಡಿದರು. ಇನ್ನೊಂದು ಸಂಗತಿ: ಶೌಚಾಲಯಕ್ಕೂ ಹಿರಿತನದ ಸರದಿ ಇತ್ತು. ಮೊದಲು ಬಂದ ಕಿರಿಯ ಭಿಕ್ಕುಗಳು ಹಿರಿಯರಿಗಾಗಿ ತಡೆದುಕೊಂಡು ಕಾಯುತ್ತ ಮೂರ್ಛೆ ಬಿದ್ದರು. ಆಗಿನಿಂದ, ಮೊದಲು ಬಂದವರು ಮೊದಲು ಹೋಗಲಿ ಎಂದಾಯಿತು. ಹೊರಗೆ ನಿಂತವರು ಕೆಮ್ಮಬೇಕು, ಒಳಗಿರುವವರೂ ಕೆಮ್ಮಬೇಕು. ಗಲೀಜಾಗಿದ್ದರೆ ತೊಳೆಯಬೇಕು, ನೀರಿನ ಪಾತ್ರೆ ಖಾಲಿಯಿದ್ದರೆ ತುಂಬಿಡಬೇಕು. ಯಾರು? ಒಳಗೆ ಹೋದವರು. ಅಲ್ಲಿ ಅದಕ್ಕೆಂದೇ ಹುಟ್ಟಿದ ಒಂದು ಜಾತಿ ಇಲ್ಲ. ಅಣ್ಣನಿಗೆ ಇದನ್ನು ಓದಿ ಹೇಳಿ ಎಂದು ನಾನು ಆ ಉಪಾಸಕರಿಗೆ ಹೇಳಿದೆ.

ಇಲ್ಲಿಗೆ ಮಾತು ಮುಗಿಯಿತು ಅಂದುಕೊಳ್ಳಬಹುದಿತ್ತು. ಮುಗಿಯುವುದಿಲ್ಲ. ಕಮೋಡು ಮನೆಯೊಳಗಿನ ವಸ್ತು ಎಂದು ನಾವು ಭಾವಿಸುತ್ತೇವೆ, ಆದರೆ ಅದು ಒಂದು ಪೈಪಿನ ತುದಿ ಅಷ್ಟೆ. ಇನ್ನೊಂದು ತುದಿಯಲ್ಲಿ ಯಾರಿದ್ದಾರೆ?

ನಾಲ್ಕು ಇಂಚಿನ ಪೈಪಿಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಕೊಡುವುದು ರೂಢಿ. ಆರು ಅಡಿ ಸರಿಸಿದರೆ ಒಂದೂವರೆ ಇಂಚು ಇಳಿಯಬೇಕು. ನೆಲದ ಕೆಳಗೆ ಅಷ್ಟು ಜಾಗವಿಲ್ಲದಿದ್ದರೆ ಜನ ಎರಡರಲ್ಲಿ ಒಂದು ಮಾಡುತ್ತಾರೆ. ನೆಲ ಎತ್ತರಿಸಿ ಮೆಟ್ಟಿಲು ಕಟ್ಟುತ್ತಾರೆ. ಆಗ ಮಂಡಿನೋವಿನ ತಾಯಿಗಾಗಿ ಮಾಡಿದ ಕೆಲಸ ಆ ತಾಯಿಯನ್ನೇ ಎಡವಿಸುತ್ತದೆ. ಇಲ್ಲವೇ ಇಳಿಜಾರನ್ನೇ ಕಡಿಮೆ ಮಾಡಿ ಮೇಲೆ ಟೈಲ್ಸ್ ಹಾಕಿಬಿಡುತ್ತಾರೆ. ಮೊದಲ ತಿಂಗಳು ಏನೂ ಗೊತ್ತಾಗುವುದಿಲ್ಲ. ಆರನೆಯ ತಿಂಗಳು ಕಟ್ಟಿಕೊಳ್ಳುತ್ತದೆ. ಆಗ ಫೋನು ಯಾರಿಗೆ ಹೋಗುತ್ತದೆ, ಯಾರ ಕೈ ಚೇಂಬರಿನೊಳಗೆ ಇಳಿಯುತ್ತದೆ, ಹೇಳಬೇಕೇ?

ಇದು ಇದ್ದುದರಿಂದ ಅದು ಉಂಟಾಯಿತು ಎಂಬ ಪ್ರತೀತ್ಯ ಸಮುತ್ಪಾದವನ್ನು ನಾವು ತರಗತಿಯಲ್ಲಿ ದೊಡ್ಡ ದೊಡ್ಡ ಉದಾಹರಣೆ ಕೊಟ್ಟು ವಿವರಿಸುತ್ತೇವೆ. ಟೈಲ್ಸಿನ ಕೆಳಗೆ ಮುಚ್ಚಿಹೋದ ಅರ್ಧ ಇಂಚು ಸಾಕು. ಮಲದ ಗುಂಡಿಯಲ್ಲಿ ಸೇರುವ ಗಾಳಿ ಮನುಷ್ಯನನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. 2013ರ ಕಾನೂನು ಇದನ್ನು ತಡೆಯಲೆಂದೇ ಬಂತು. ಹಾಗೆ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದಿತು, 2023ರಲ್ಲಿ 30 ಲಕ್ಷ ಎಂದಿತು. ಪರಿಹಾರ ಏರಿಸಬೇಕಾಗಿ ಬಂದಿದೆ ಎಂದರೇ ಇಳಿಸುವುದು ನಿಂತಿಲ್ಲ ಎಂದರ್ಥ. ಅದೇ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಗುಂಡಿಗೆ ಇಳಿಸಿದ್ದ ಸುದ್ದಿ ಬಂತು. ಮೇಷ್ಟರ ವೃತ್ತಿಯಲ್ಲಿರುವ ನನಗೆ ಆ ದಿನ ಹಾಜರಿ ಕೂಗುವಾಗ ಗಂಟಲು ಕಟ್ಟಿತ್ತು.

ಹಾಗಾಗಿ ಸಮ್ಯಕ್ ಕರ್ಮ ಎಂಬುದು ಇಲ್ಲಿ ಬಹಳ ಸಣ್ಣ ಸಣ್ಣ ಕೆಲಸಗಳಲ್ಲಿದೆ. ನೆಲ ಅಗೆಯುವ ಮೊದಲೇ ಚೇಂಬರಿನ ಆಳ ಅಳೆಯುವುದು. ಸಾಲದೆಂದು ಕಂಡರೆ ಆರು ಅಡಿಯ ಆಸೆ ಬಿಟ್ಟು ಮೂರಕ್ಕೆ ಒಪ್ಪುವುದು, ಅಥವಾ ಗೋಡೆಯ ಮೂಲಕ ಹೊರಹೋಗುವ ಪಿ-ಟ್ರ್ಯಾಪ್ ಕಮೋಡು ತರುವುದು. ತಿರುವಿನಲ್ಲಿ ಡೋರ್ ಬೆಂಡ್ ಹಾಕುವುದು. ಅದಕ್ಕೊಂದು ಪುಟ್ಟ ಮುಚ್ಚಳವಿರುತ್ತದೆ, ಕಟ್ಟಿಕೊಂಡರೆ ಮನೆಯವರೇ ತೆಗೆದು ಕೋಲು ಹಾಕಬಹುದು. ಮಗನಿಗೆ ಅದನ್ನು ಬಿಚ್ಚುವುದೂ ಕಲಿಸಬೇಕು, ಕಮೋಡಿಗೆ ಬಟ್ಟೆ, ಪ್ಯಾಡು ಹಾಕಬಾರದೆಂದೂ ಹೇಳಬೇಕು. ಗುಂಡಿ ತುಂಬಿದರೆ ಯಂತ್ರದ ಗಾಡಿಯನ್ನೇ ಕರೆಸಬೇಕು. ಗಾಡಿಯ ಜೊತೆ ಬಂದ ಹುಡುಗ "ಸ್ವಲ್ಪ ಇಳಿದು ನೋಡ್ತೀನಿ ಸರ್, ಇನ್ನೂರು ಕೊಡಿ" ಅಂದರೆ ಬೇಡ ಅನ್ನಬೇಕು, ನೀರು ಕೊಟ್ಟು ಕೂರಿಸಬೇಕು.

ಉಪಾಸಕರು ಮೊನ್ನೆ ಅಳತೆ ತೆಗೆದರಂತೆ. ನಾಲ್ಕು ಅಡಿಗೆ ಮಾತ್ರ ಇಳಿಜಾರು ಸಿಗುತ್ತದೆ. ಬಾಗಿಲ ತನಕ ಬರುವುದಿಲ್ಲ. ಉಳಿದ ಎರಡು ಅಡಿಗೆ ಗೋಡೆಗುಂಟ ಸ್ಟೀಲಿನ ಹಿಡಿ ಹಾಕಿಸುತ್ತಾರಂತೆ. ಅಣ್ಣ ಇನ್ನೂ ಒಪ್ಪಿಲ್ಲ.

ಜೈ ಭೀಮ್. ನಮೋ ಬುದ್ಧಾಯ.